ಅಡುಗೆಮನೆಯಲ್ಲಿ ಟೈಪಾದ ಪಾಠಗಳು

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಸೈಟ್ ಮೇಡಂ ಅನ್ನುತ್ತಿದ್ದರು. ಕಾಲೇಜಿನ ವೆಬ್‌ಸೈಟು ನೋಡಿಕೊಳ್ಳುವುದು ಅವಳ ಕೆಲಸ. ಮೇಷ್ಟ್ರುಗಳು ಕಳಿಸಿದ ಪಾಠ, ವಿಡಿಯೋ, ಪರೀಕ್ಷೆ ಎಲ್ಲವನ್ನೂ ಅಲ್ಲಿಗೆ ಏರಿಸಬೇಕು, ಕೆಟ್ಟರೆ ಸರಿಮಾಡಬೇಕು. ಅಡ್ಡಹೆಸರು ಕೇಳಿದ ಹೊಸಬರು ಒಬ್ಬಿಬ್ಬರು, ‘ಮೂಲೆ ಸೈಟು ಇದ್ರೆ ಹೇಳಿ ಮೇಡಂ’ ಎಂದು ವಿಚಾರಿಸಿದ್ದೂ ಉಂಟು. ಮನೆಯಲ್ಲಿ ಮಾತ್ರ ಅವಳು ಪುಟ್ಟಿ. ತಲೆಯಲ್ಲಿ ಬೆಳ್ಳಿ ಕೂದಲು ಇಣುಕಿದರೂ ಪುಟ್ಟಿಯೇ.

ಮನೆಯಲ್ಲಿದ್ದವರು ಮೂವರು: ಅಮ್ಮ, ಅಕ್ಕ, ಪುಟ್ಟಿ. ಅಕ್ಕ ಮೊದಲು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಬರಹ ಓದುವುದರಲ್ಲಿ ಅವಳದು ಎತ್ತಿದ ಕೈ. ಆಮೇಲೆ ಕಣ್ಣಿನ ನರಕ್ಕೆ ಕಾಯಿಲೆ ಬಂತು. ನೋಟ ಅಂಚುಗಳಿಂದ ಕಿರಿದಾಗುತ್ತ ಆಗುತ್ತ, ಕೊನೆಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನುವುದಷ್ಟೇ ಗೊತ್ತಾಗುವಂತಾಯಿತು. ಅಂಗಡಿ ಬಿಟ್ಟಳು. ಬಹಳ ಕಾಲ ಯಾರೊಡನೆಯೂ ಮಾತಾಡದೆ ಮಂಚ ಹಿಡಿದು ಕೂತಳು. ಒಂದು ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು, ‘ಕಾಲೇಜಿಗೆ ಸೇರ್ತೀನಿ, ಅರ್ಥಶಾಸ್ತ್ರ ಓದ್ತೀನಿ’ ಅಂದಳು.

‘ಈ ವಯಸ್ಸಿಗಾ?’ ಅಂದರು ಅಮ್ಮ.

‘ಇನ್ನೇನು, ಹೋದ ವಯಸ್ಸಿಗಾ?’

ಹೀಗೆ ಅಕ್ಕ ಪುಟ್ಟಿಯ ಕಾಲೇಜಿಗೇ ಸೇರಿದಳು. ಅವಳ ಫೋನಿನಲ್ಲಿ ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವ ಒಂದು ಹೆಣ್ಣುದನಿ ಇತ್ತು. ಉಸಿರು ತೆಗೆದುಕೊಳ್ಳದೆ ವಟಗುಟ್ಟುತ್ತಿದ್ದ ಅದಕ್ಕೆ ಅಮ್ಮ ‘ಮಾತಿನಮಲ್ಲಿ’ ಎಂದು ಹೆಸರಿಟ್ಟರು. ಸುದ್ದಿ, ಸಂದೇಶ, ಬಸ್ಸಿನ ಸಮಯ ಯಾವುದನ್ನು ಕೊಟ್ಟರೂ ಮಾತಿನಮಲ್ಲಿ ಗಡಗಡ ಓದುತ್ತಿದ್ದಳು. ಕಾಲೇಜಿನ ಸೈಟಿಗೆ ಬಂದಾಗ ಮಾತ್ರ ಅವಳ ಬಾಯಿ ಕಟ್ಟಿಹೋಗುತ್ತಿತ್ತು.

ಕಾರಣ ಇಷ್ಟೆ. ಅರ್ಥಶಾಸ್ತ್ರದ ಮೇಷ್ಟ್ರು ಕೈಯಲ್ಲಿ ಬರೆದ ಪಾಠದ ಫೋಟೋ ಹೊಡೆದು ಕಳಿಸುತ್ತಿದ್ದರು. ರಜೆ ಕೇಳುವಾಗಲೂ ಒಂದು ಗೆರೆ ಎಳೆದು ವಿವರಿಸುವ ಮನುಷ್ಯ; ಹುಡುಗರು ಗ್ರಾಫ್ ಮೇಷ್ಟ್ರು ಅನ್ನುತ್ತಿದ್ದರು. ಕಣ್ಣಿದ್ದವರಿಗೆ ಅದು ಪಾಠ, ಮಾತಿನಮಲ್ಲಿಗೆ ಬರೀ ಪಟ. ಸೈಟಿನಲ್ಲಿ ಒತ್ತುವ ಗುಂಡಿಗಳಿಗೂ ಅವಳು ಓದಬಲ್ಲ ಹೆಸರಿರಲಿಲ್ಲ. ‘ಚಿತ್ರ. ಚಿತ್ರ. ಚಿತ್ರ. ಹೆಸರಿಲ್ಲದ ಗುಂಡಿ. ಚಿತ್ರ’ ಎಂದು ಅವಳು ತೊದಲುತ್ತಿದ್ದರೆ ಅಕ್ಕ ಹಲ್ಲು ಕಚ್ಚಿ ಕೂತಿರುತ್ತಿದ್ದಳು.

ಪುಟ್ಟಿಗೆ ನೋಡಲಾಗಲಿಲ್ಲ. ಒಮ್ಮೆ ಪ್ರಿನ್ಸಿಪಾಲರ ಕಿವಿಗೆ ಹಾಕಿದಳು. ‘ಒಳ್ಳೇ ವಿಚಾರ ಮೇಡಂ, ಮುಂದಿನ ವರ್ಷ ನೋಡೋಣ’ ಅಂದರು. ಅವಳದು ವರ್ಷವರ್ಷ ಮುಂದುವರಿಸುವ ಗುತ್ತಿಗೆ ಕೆಲಸ. ಹೆಚ್ಚು ಎಳೆದಾಡಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೆಳಿಗ್ಗೆ ಒಲೆಯ ಮೇಲೆ ಹಾಲು ಕಾಯುವಷ್ಟರಲ್ಲಿ ಒಂದು ಪುಟ, ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು ಪುಟ ಎಂದು ಅಕ್ಕನ ಪಾಠಗಳನ್ನೆಲ್ಲ ತಾನೇ ಟೈಪು ಮಾಡತೊಡಗಿದಳು. ಹಾಲು ಎಷ್ಟು ಸಲ ಉಕ್ಕಿತೋ! ಅಮ್ಮ ಬಟ್ಟೆ ತಂದು ಒರೆಸುತ್ತ, ‘ನಿಂತಲ್ಲಿ ನಿಲ್ಲಲ್ಲ, ಕೂತಲ್ಲಿ ಕೂರಲ್ಲ, ಕಾಲು ಸುಟ್ಟ ಬೆಕ್ಕಿನ ಹಾಗೆ ಆಡ್ತೀಯಲ್ಲೇ’ ಅನ್ನುತ್ತಿದ್ದರು.

ಅಕ್ಕ ಅದನ್ನೆಲ್ಲ ಓದುತ್ತಿದ್ದಳು, ಒಳ್ಳೆಯ ಅಂಕವೂ ಬರುತ್ತಿತ್ತು. ಆದರೂ ಅವಳ ಮುಖದಲ್ಲಿ ನೆಮ್ಮದಿ ಇರಲಿಲ್ಲ. ‘ಪುಟ್ಟಿ, ನೀನು ಹಾಸಿಗೆ ಹಿಡಿದ್ರೆ ನನ್ನ ಓದೂ ಹಾಸಿಗೆ ಹಿಡಿಯುತ್ತೆ ಕಣೇ’ ಅಂದಳು ಒಂದು ಸಲ.

‘ಅಪಶಕುನ ನುಡೀಬೇಡ’ ಎಂದು ಪುಟ್ಟಿ ಕೀಲಿಮಣೆ ಕುಟ್ಟುತ್ತಲೇ ಇದ್ದಳು.

ಅಕ್ಕ ಅಂದಂತೆಯೇ ಆಯಿತು. ಪುಟ್ಟಿಗೆ ಜ್ವರ ಬಂದು ಕೆಂಡದ ಹಾಗೆ ಮೈ ಸುಡುತ್ತ ಮಲಗಿದ್ದ ದಿನವೇ ಅರ್ಥಶಾಸ್ತ್ರದ ಕಿರುಪರೀಕ್ಷೆ ಸೈಟಿನಲ್ಲಿ ತೆರೆಯಿತು. ಅಕ್ಕ ಕಾಲೇಜಿನ ಗಣಕದ ಕೋಣೆಗೆ ಹೋಗಿ, ತನ್ನ ಫೋನಿನ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಪುಟ್ಟಿಯಿಲ್ಲದೆ ಕೂತಳು. ‘ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ಟೈಪಿಸಿ’ ಎಂದಿತು ಸೈಟು. ಒಳಗೆ ಬರುತ್ತಿರುವುದು ಯಂತ್ರವಲ್ಲ, ಮನುಷ್ಯ ಎಂದು ಖಾತ್ರಿ ಮಾಡಿಕೊಳ್ಳಲು ಇಟ್ಟ ಬೀಗ ಅದು. ಅಕ್ಕನಿಗೆ ಆ ಚಿತ್ರ ಎಲ್ಲಿ ಕಾಣಬೇಕು? ಹಿಂದಿನ ಸಲಗಳಲ್ಲಿ ಪುಟ್ಟಿ ಪಕ್ಕದಲ್ಲಿ ನಿಂತು ಓದಿ ಹೇಳಿದ್ದಳು. ಪಕ್ಕದಲ್ಲಿದ್ದವರನ್ನು ಕೇಳಿದಳು. ‘ಪರೀಕ್ಷೆ ಹೊತ್ತಲ್ಲಿ ಮಾತಾಡೋ ಹಾಗಿಲ್ಲ’ ಎಂದು ಕಾವಲಿಗಿದ್ದವರು ಗದರಿದರು. ಕೈಗೆ ಬಂದ ಅಕ್ಷರ ಹೊಡೆದು ನೋಡಿದಳು, ತಪ್ಪು. ಮತ್ತೆ ಹೊಡೆದಳು, ತಪ್ಪು. ‘ಸಮಯ ಮುಗಿದಿದೆ’ ಎಂದು ಮಾತಿನಮಲ್ಲಿ ತಣ್ಣಗೆ ಹೇಳಿಬಿಟ್ಟಳು. ಅಕ್ಕನ ಹೆಸರಿನ ಮುಂದೆ ‘ಗೈರು’ ಎಂದು ಬಿತ್ತು.

ಮನೆಗೆ ಬಂದವಳು ಚಪ್ಪಲಿ ಬಿಡದೆ ಪುಟ್ಟಿಯ ಹಾಸಿಗೆಯ ಹತ್ತಿರ ಬಂದು ನಿಂತಳು. ‘ಅವರ ಮೂಗಿನ ಮುಂದೆಯೇ ಕೂತಿದ್ದೆ ಕಣೇ. ಗೈರಂತೆ ನಾನು.’

ಪುಟ್ಟಿ ತಟ್ಟನೆ ಎದ್ದು ಕೂತಳು. ‘ಅಷ್ಟೇ ತಾನೆ? ನಾಳೆ ಆಫೀಸಿಗೆ ಹೋಗಿ ನಿನ್ನೊಬ್ಬಳಿಗೆ ಪರೀಕ್ಷೆ ಮತ್ತೆ ತೆರೆದು ಕೊಡ್ತೀನಿ. ಬೀಗದ ಕೈ ನನ್ನ ಹತ್ರಾನೇ ಇದೆ. ಯಾರಿಗೂ ಗೊತ್ತಾಗಲ್ಲ.’

‘ಬೇಡ.’

‘ಯಾಕೆ?’

‘ಹಿತ್ತಲ ಬಾಗಿಲಿಂದ ಒಳಗೆ ಹೋಗೋಕೆ ನಾನೇನು ಕಳ್ಳಿಯಾ?’ ಅಂದಳು ಅಕ್ಕ. ಚಪ್ಪಲಿ ಬಿಡಲು ಬಾಗಿಲ ಕಡೆ ತಿರುಗಿದಳು.

ಜ್ವರ ಬಿಟ್ಟು ಪುಟ್ಟಿ ಕೆಲಸಕ್ಕೆ ಮರಳಿದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಕ್ಕನನ್ನು ಹುಡುಕಿಕೊಂಡು ಹೋದಳು. ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಕೂತು ನಗುತ್ತಿದ್ದಳು. ಪಕ್ಕದಲ್ಲಿ ಬೆರಳಿಗೆಲ್ಲ ನೀಲಿ ಹಸಿರು ಬಣ್ಣ ಮೆತ್ತಿಕೊಂಡಿದ್ದ ಒಬ್ಬ ಹುಡುಗಿ. ಚಿತ್ರಕಲೆ ಓದುತ್ತಿದ್ದ ಆ ಹುಡುಗಿಗೆ ಕಿವಿ ಕೇಳುತ್ತಿರಲಿಲ್ಲ. ಒಬ್ಬಳಿಗೆ ಕಾಣದು, ಇನ್ನೊಬ್ಬಳಿಗೆ ಕೇಳದು, ಇವರಿಬ್ಬರೂ ಏನು ಮಾತಾಡುತ್ತಾರೆ ಎಂದು ಪುಟ್ಟಿ ಕಂಬದ ಮರೆಯಲ್ಲಿ ನಿಂತು ನೋಡಿದಳು. ಇಬ್ಬರ ನಡುವೆ ಅಕ್ಕನ ಫೋನು ಇತ್ತು. ಹುಡುಗಿ ಬೆರಳಾಡಿಸಿ ಬರೆದದ್ದನ್ನು ಮಾತಿನಮಲ್ಲಿ ಅಕ್ಕನಿಗೆ ಓದಿ ಹೇಳುತ್ತಿದ್ದಳು. ಅಕ್ಕ ಬಾಯಿಬಿಟ್ಟು ಆಡಿದ್ದು ಪರದೆಯ ಮೇಲೆ ಅಕ್ಷರವಾಗಿ ಮೂಡಿ ಹುಡುಗಿಗೆ ಕಾಣುತ್ತಿತ್ತು. ಫೋನು ಏನೋ ತಪ್ಪಾಗಿ ಬರೆಯಿತೆಂದು ಕಾಣುತ್ತದೆ, ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುವಿಗೆ ಬೆಂಚು ಅಲುಗಿದ್ದು ತಿಳಿದು ಅಕ್ಕನೂ ನಕ್ಕಳು.

ಅಕ್ಕ ಹೀಗೆ ನಕ್ಕದ್ದನ್ನು ಪುಟ್ಟಿ ನೋಡಿ ಯಾವ ಕಾಲವಾಗಿತ್ತೋ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿ, ‘ತಿನ್ನು, ಆರಿಹೋಗುತ್ತೆ’ ಎಂದಷ್ಟೇ ಹೇಳಿ ಹೊರಟುಬಂದಳು. ಆ ಸಂಜೆಯೆಲ್ಲ ಯಾಕೆಂದು ತಿಳಿಯದೆ ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದಳು.

ಮುಂದಿನ ವಾರ ಪ್ರಿನ್ಸಿಪಾಲರಿಂದ ಕರೆ ಬಂತು. ಅವರ ಕೋಣೆಯಲ್ಲಿ ಫ್ಯಾನು ಕಟಕಟ ಎಂದು ತಿರುಗುತ್ತಿತ್ತು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ವಾಲುತ್ತಿದ್ದರು.

‘ಆಡಳಿತ ಮಂಡಳಿಗೆ ದೂರು ಹೋಗಿದೆ ಮೇಡಂ. ನಮ್ಮ ಸೈಟಲ್ಲಿ ಕಣ್ಣು ಕಾಣದವರು ಪಾಠ ಓದೋ ಹಾಗಿಲ್ಲ, ಕಿವಿ ಕೇಳದವರು ವಿಡಿಯೋ ನೋಡಿ ಪ್ರಯೋಜನ ಇಲ್ಲ, ಪರೀಕ್ಷೆ ಬರೆಯೋಕೆ ಬಿಡಲ್ಲ ಅಂತ. ಸಹಿ ಹಾಕಿರೋರು ಇಬ್ಬರು. ಮೊದಲನೇ ಹೆಸರು ನಿಮ್ಮ ಅಕ್ಕಂದು.’

ದೂರು ಸೈಟಿನ ಮೇಲೆ. ಸೈಟು ಅಂದರೆ ಪುಟ್ಟಿಯೇ.

‘ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ’ ಎಂದರು ಪ್ರಿನ್ಸಿಪಾಲರು. ‘ಮನೇಲೇ ಕೂತು ಮಾತಾಡಿ ಮುಗಿಸಿಬಿಡಿ. ನಿಮ್ಮ ಗುತ್ತಿಗೆ ಕಾಗದಾನೂ ಇದೇ ತಿಂಗಳು ಮಂಡಳಿ ಮುಂದೆ ಹೋಗುತ್ತೆ. ಎರಡೂ ಒಟ್ಟಿಗೆ ಹೋದ್ರೆ ಚೆನ್ನಾಗಿರಲ್ಲ.’

ಬಸ್ಸಿಗೆ ಕಾಯುವ ಸಹನೆ ಇಲ್ಲದೆ ಪುಟ್ಟಿ ಅಂದು ನಡೆದೇ ಮನೆಗೆ ಬಂದಳು. ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿಕೊಂಡಳು, ಕೆಡವಿದಳು, ಮತ್ತೆ ಜೋಡಿಸಿದಳು. ಬಾಗಿಲು ತೆರೆದ ಕೂಡಲೇ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

‘ನನಗೊಂದು ಮಾತು ಹೇಳಬಾರದಿತ್ತಾ ಅಕ್ಕ?’

‘ಹೇಳಿದ್ರೆ ಬೇಡ ಅಂತಿದ್ದೆ.’

‘ಬೇಡ ಅನ್ನದೆ? ಕೈ ಬೆರಳು ಸವೆಯೋ ಹಾಗೆ ನಿನಗೆ ಟೈಪ್ ಮಾಡಿ ಕೊಟ್ಟೆ. ಅದಕ್ಕೆ ಇದಾ ಉಡುಗೊರೆ? ಊರಿಗೆ ಉಪಕಾರಿ, ಮನೆಗೆ ಮಾರಿ!’

ಅಕ್ಕ ಗೋಡೆ ಸವರಿಕೊಂಡು ಬಂದು ಎದುರಿನ ಕುರ್ಚಿ ಎಳೆದು ಕೂತಳು. ‘ನೀನು ಮಾಡಿದ್ದು ನನ್ನ ತಲೆ ಮೇಲಿದೆ. ಅದೇ ಕಷ್ಟ. ಪ್ರತಿ ಪಾಠಕ್ಕೂ ನಿನ್ನ ಮುಖ ನೋಡಬೇಕು. ನಿನಗೆ ಸುಸ್ತಾಗಿದೆಯಾ, ಸಿಟ್ಟು ಬಂದಿದೆಯಾ ಅಂತ ಹೆಜ್ಜೆ ಸದ್ದಲ್ಲೇ ಲೆಕ್ಕ ಹಾಕಿ ಕೇಳಬೇಕು. ಆ ಹುಡುಗಿಗೆ ತಂಗಿ ಇಲ್ಲ ಪುಟ್ಟಿ. ವಿಡಿಯೋದಲ್ಲಿ ಮೇಷ್ಟ್ರ ತುಟಿ ನೋಡಿ ನೋಡಿ ಅರ್ಧ ತಿಳ್ಕೋತಾಳೆ, ಅರ್ಧ ಬಿಡ್ತಾಳೆ. ಅವಳೇನು ಮಾಡಬೇಕು?’

‘ನನ್ನ ಕೆಲಸ ಹೋದ್ರೆ ನಾವೇನು ಮಾಡಬೇಕು?’

ಅಮ್ಮ ಅಡುಗೆಮನೆಯಿಂದ ಇಣುಕಿ, ‘ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ನಡುವೆ ನಾನೊಬ್ಬಳು ಗಾಡಿ’ ಅಂದರು. ಯಾರೂ ನಗಲಿಲ್ಲ. ಅಕ್ಕ ದೂರು ವಾಪಸು ತೆಗೆದುಕೊಳ್ಳಲಿಲ್ಲ. ಮರುದಿನದಿಂದ ಪುಟ್ಟಿ ಟೈಪು ಮಾಡಿಕೊಡಲು ಕೂತರೆ, ‘ಬೇಡ ಬಿಡು’ ಎಂದು ಎದ್ದುಹೋಗತೊಡಗಿದಳು. ಬೆಳಗಿನ ಹೊತ್ತು ಕೈಗೆ ಕೆಲಸವಿಲ್ಲದೆ ಪುಟ್ಟಿ ಕಪಾಟಿನ ಬಟ್ಟೆ ತೆಗೆದು ಮಡಿಸಿದಳು, ಮಡಿಸಿದ್ದನ್ನೇ ಮತ್ತೆ ಮಡಿಸಿದಳು.

ಮಂಡಳಿಯ ಸಭೆಯ ಹಿಂದಿನ ದಿನ ಪ್ರಿನ್ಸಿಪಾಲರು ಮತ್ತೆ ಕರೆದರು. ಈ ಸಲ ಮುಖ ಅರಳಿತ್ತು.

‘ಉಪಾಯ ಸಿಕ್ತು ಮೇಡಂ. ನೀವು ನಿಮ್ಮ ಅಕ್ಕನಿಗೆ ಪಾಠ ಎಲ್ಲಾ ಟೈಪ್ ಮಾಡಿ ಕೊಟ್ಟಿದ್ದೀರಂತಲ್ಲ, ಗ್ರಾಫ್ ಮೇಷ್ಟ್ರು ಹೇಳಿದ್ರು. ಅದನ್ನೇ ನಾಳೆ ಹೇಳಿ. ಕಾಲೇಜಿನ ಸಿಬ್ಬಂದಿಯೇ ಈ ವಿದ್ಯಾರ್ಥಿನಿಗೆ ಪ್ರತಿಯೊಂದು ಪಾಠಾನೂ ಒದಗಿಸಿದಾರೆ ಅಂತ. ಸುಳ್ಳೇನಲ್ಲವಲ್ಲ? ದೂರು ಅಲ್ಲಿಗೇ ಬಿದ್ದುಹೋಗುತ್ತೆ. ನಿಮ್ಮ ಕಾಗದಕ್ಕೂ ಸಹಿ ಬೀಳುತ್ತೆ.’

ಸುಳ್ಳಲ್ಲ, ಸರಿ. ಹಾಗಂತ ನಿಜವೂ ಅಲ್ಲ. ಆದರೂ ಪುಟ್ಟಿ ‘ಆಗಲಿ ಸರ್’ ಎಂದು ಬಂದುಬಿಟ್ಟಳು.

ಸಭೆ ಬೆಳಿಗ್ಗೆಯೇ ಸೇರಿತು. ಉದ್ದನೆಯ ಮೇಜಿನ ತುದಿಯಲ್ಲಿ ಮಂಡಳಿಯ ಅಧ್ಯಕ್ಷೆ ಕೂತಿದ್ದರು. ಮಾತು ಕಡಿಮೆಯ ಹಿರಿಯ ಹೆಂಗಸು. ಇನ್ನೊಂದು ತುದಿಯಲ್ಲಿ ಅಕ್ಕ ಮತ್ತು ಬಣ್ಣದ ಬೆರಳಿನ ಹುಡುಗಿ ಅಂಟಿಕೊಂಡ ಹಾಗೆ ಕೂತಿದ್ದರು. ಹುಡುಗಿ ಮಾತುಗಳನ್ನು ಓದಲೆಂದು ಅಕ್ಕನ ಫೋನನ್ನು ಮುಂದಿಟ್ಟುಕೊಂಡಿದ್ದಳು.

‘ಇಬ್ಬರು ವಿದ್ಯಾರ್ಥಿಗಳಿಗೋಸ್ಕರ ಇಡೀ ಸೈಟು ಬದಲಾಯಿಸಬೇಕಾ?’ ಎಂದರು ಮಂಡಳಿಯ ಸದಸ್ಯರೊಬ್ಬರು, ಒರಟಾಗಿಯೇನಲ್ಲ, ನಿಜವಾಗಿ ತಿಳಿಯದವರಂತೆ.

‘ದೂರು ಕೊಟ್ಟೋರು ಇಬ್ಬರು ಸರ್’ ಅಂದಳು ಅಕ್ಕ. ‘ಬಾಗಿಲು ಹಾಕಿದೆ ಅಂತ ಸುಮ್ಮನೆ ವಾಪಸ್ ಹೋದವರು ಎಷ್ಟು ಅಂತ ಯಾರು ಎಣಿಸಿದಾರೆ?’

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. ‘ನಾವು ಕೈಕಟ್ಟಿ ಕೂತಿಲ್ಲ. ಇವರಿಗೆ ಎಲ್ಲಾ ಪಾಠಗಳನ್ನೂ ನಮ್ಮ ಸಿಬ್ಬಂದಿಯೇ ಟೈಪ್ ಮಾಡಿ ಕೊಟ್ಟಿದಾರೆ. ಸೈಟ್ ಮೇಡಂ ಇಲ್ಲೇ ಇದಾರೆ, ಕೇಳಿ.’

ಎಲ್ಲರ ಮುಖ ಪುಟ್ಟಿಯ ಕಡೆ ತಿರುಗಿತು. ಅಕ್ಕ ಮಾತ್ರ ತಲೆ ಬಗ್ಗಿಸಿದಳು. ಅವಳ ಕುತ್ತಿಗೆ ಒಮ್ಮೆಗೇ ಕೆಂಪಾಯಿತು. ಪುಟ್ಟಿ ಎದ್ದು ನಿಂತಳು. ‘ಹೌದು’ ಅಂದರೆ ಮುಗಿಯಿತು; ಎರಡೇ ಅಕ್ಷರ.

‘ಟೈಪ್ ಮಾಡಿದ್ದು ನಾನೇ’ ಅಂದಳು. ದನಿ ತನ್ನದೇ ಅಲ್ಲವೇನೋ ಎನ್ನುವಷ್ಟು ಸಣ್ಣಗಿತ್ತು. ‘ಆದ್ರೆ ಕಾಲೇಜಿನಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ. ಕೆಲಸ ಅಂತ ಅಲ್ಲ, ಅವಳು ನನ್ನ ಅಕ್ಕ ಅಂತ. ಕಾಲೇಜು ಒಂದು ಸಾಲನ್ನೂ ಕೊಟ್ಟಿಲ್ಲ. ನಾನು ಜ್ವರ ಬಂದು ಮಲಗಿದ ದಿನ ಅವಳಿಗೆ ಪರೀಕ್ಷೆ ಬರೆಯೋಕೇ ಆಗಲಿಲ್ಲ.’

ಪ್ರಿನ್ಸಿಪಾಲರು ಮುಂದಿದ್ದ ನೀರಿನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು. ಅಧ್ಯಕ್ಷೆ ಹುಡುಗಿಯ ಕಡೆ ನೋಡಿ, ‘ಈ ಮಗುವಿಗೆ ಯಾರು ಟೈಪ್ ಮಾಡಿ ಕೊಟ್ಟರು?’ ಎಂದು ಕೇಳಿದರು. ಹುಡುಗಿ ಪರದೆಯ ಮೇಲೆ ಪ್ರಶ್ನೆ ಓದಿ, ನೀಲಿ ಬೆರಳಲ್ಲಿ ಏನೋ ಒತ್ತಿದಳು. ಮಾತಿನಮಲ್ಲಿ ಇಡೀ ಸಭೆಗೆ ಕೇಳುವ ಹಾಗೆ ಹೇಳಿದಳು: ‘ಯಾರೂ ಇಲ್ಲ.’

ಸಭೆಯಿಂದ ಹೊರಬಂದು ಅಕ್ಕ ತಂಗಿ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅಕ್ಕನ ಕೈ ಪುಟ್ಟಿಯ ಮೊಣಕೈ ಹಿಡಿದಿತ್ತು.

‘ಹೆದರಿಕೆ ಆಯ್ತೇನೇ?’ ಅಂದಳು ಅಕ್ಕ.

‘ಈಗಲೂ ಆಗ್ತಿದೆ.’

‘ನೀನು ಹೂಂ ಅಂತೀಯ ಅಂದ್ಕೊಂಡಿದ್ದೆ.’

‘ನಾನೂ ಹಾಗೇ ಅಂದ್ಕೊಂಡಿದ್ದೆ’ ಅಂದಳು ಪುಟ್ಟಿ. ‘ಆದ್ರೂ ನೀನು ನನಗೆ ಮೊದಲೇ ಹೇಳಬೇಕಿತ್ತು.’

‘ಹೇಳಬೇಕಿತ್ತು’ ಅಂದಳು ಅಕ್ಕ. ಅಷ್ಟಕ್ಕೆ ಜಗಳ ಮುಗಿಯಿತು ಅಂತೇನಲ್ಲ. ಬಸ್ಸು ಬಂತು, ಹತ್ತಿದರು.

ಮಂಡಳಿ ಎಲ್ಲವನ್ನೂ ಒಪ್ಪಲಿಲ್ಲ, ಎಲ್ಲವನ್ನೂ ತಳ್ಳಿಯೂ ಹಾಕಲಿಲ್ಲ. ಇನ್ನು ಮುಂದೆ ಫೋಟೋ ಪಾಠ ಸೈಟಿಗೆ ಏರುವಂತಿಲ್ಲ, ಚಿತ್ರಕ್ಕೆ ವಿವರಣೆ, ವಿಡಿಯೋದ ಮಾತಿಗೆ ಪರದೆಯ ಮೇಲೆ ಅಡಿಬರಹ ಇರಲೇಬೇಕು, ಅಕ್ಷರ ಕೇಳುವ ಬೀಗದ ಚಿತ್ರ ತೆಗೆದುಹಾಕಬೇಕು, ಪರೀಕ್ಷೆ ತಪ್ಪಿಹೋದವರಿಗೆ ಇನ್ನೊಂದು ಅವಕಾಶ ಕೊಡಬೇಕು ಎಂದಾಯಿತು. ಹಳೆಯ ಪಾಠಗಳನ್ನು ‘ಆದಷ್ಟು ಬೇಗ’ ಸರಿಪಡಿಸಬೇಕಂತೆ. ಅದಕ್ಕೆ ಆಳೂ ಇಲ್ಲ, ದಿನಾಂಕವೂ ಇಲ್ಲ. ಪುಟ್ಟಿಯ ಗುತ್ತಿಗೆ ಮುಂದುವರಿಯಿತು, ಆದರೆ ಈ ಸಲ ಅರ್ಧ ವರ್ಷಕ್ಕೆ ಮಾತ್ರ. ಪ್ರಿನ್ಸಿಪಾಲರು ಅವಳಿಗೆ ಏನಾದರೂ ಹೇಳಬೇಕಾದರೆ ಈಗ ಗುಮಾಸ್ತರ ಕೈಲಿ ಹೇಳಿಸುತ್ತಿದ್ದರು.

ಇನ್ನೊಂದು ಅವಕಾಶ ಎಂದು ಸೈಟಿನಲ್ಲಿ ಪ್ರಕಟಣೆ ಬಿದ್ದದ್ದೇ ತಡ, ಯಾರ ಗಮನಕ್ಕೂ ಬಾರದೆ ಇದ್ದವರು ಒಬ್ಬೊಬ್ಬರಾಗಿ ಪುಟ್ಟಿಯ ಮೇಜಿನ ಹತ್ತಿರ ಬಂದರು. ಕೈ ನಡುಗುವುದರಿಂದ ಗುಂಡಿಯ ಮೇಲೆ ಮೌಸಿನ ಬಾಣ ನಿಲ್ಲಿಸುವಷ್ಟರಲ್ಲಿ ಹೊತ್ತು ಮುಗಿಯುತ್ತಿದ್ದ ಒಬ್ಬಾತ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದೆ ಗ್ರಾಫ್ ಮೇಷ್ಟ್ರ ಎರಡೂ ಗೆರೆ ಒಂದೇ ಅಂದುಕೊಂಡಿದ್ದ ಇನ್ನೊಬ್ಬ. ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಎಂದು ಪುಟ್ಟಿ ಕೇಳಿದರೆ, ‘ನಂದೇ ತಪ್ಪು ಅಂದ್ಕೊಂಡಿದ್ದೆ ಮೇಡಂ’ ಅಂದ ಅವನು.

ಮೇಷ್ಟ್ರುಗಳಲ್ಲಿ ಗೊಣಗಾಟ ಶುರುವಾಯಿತು. ಗ್ರಾಫ್ ಮೇಷ್ಟ್ರು ಎಲ್ಲರಿಗಿಂತ ಜೋರು. ‘ಗೆರೇನ ಮಾತಲ್ಲಿ ಹೇಳು ಅಂದ್ರೆ ಹೇಗ್ರೀ? ನೋಡಿದ್ರೆ ಗೊತ್ತಾಗುತ್ತೆ!’ ಎಂದು ಪುಟ್ಟಿಯ ಮೇಜಿಗೆ ಬಂದು ಕೂತರು.

‘ನೋಡದೆ ಇರೋರಿಗೆ ಹೇಳಿ ಸರ್. ಫೋನಲ್ಲಿ ಹೇಳ್ತಿದ್ದೀರಿ ಅಂದ್ಕೊಳ್ಳಿ.’

‘ಬೆಲೆ ಏರಿದ ಹಾಗೆ ಕೊಳ್ಳೋರು ಕಡಿಮೆ ಆಗ್ತಾರೆ. ಗೆರೆ ಎಡಗಡೆ ಮೇಲಿಂದ ಬಲಗಡೆ ಕೆಳಗೆ ಇಳಿಯುತ್ತೆ.’

‘ನೆಟ್ಟಗೆ ಇಳಿಯುತ್ತಾ, ಬಾಗಿಕೊಂಡು ಇಳಿಯುತ್ತಾ?’

ಮೇಷ್ಟ್ರು ತಮ್ಮದೇ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು. ‘ಬಾಗಿಕೊಂಡು’ ಅಂದರು. ಆಮೇಲೆ, ‘ಬಾಗಿರೋದಕ್ಕೆ ಕಾರಣಾನೂ ಹೇಳಬೇಕಲ್ಲ, ತಡೀರಿ’ ಎಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಗೊಣಗುತ್ತ ಗೊಣಗುತ್ತಲೇ ಆ ಸಂಜೆ ಒಂದು ಇಡೀ ಪಾಠ ಮುಗಿಸಿ ಹೋದರು.

ಮರುಪರೀಕ್ಷೆಯ ದಿನ ಅಕ್ಕ ಹುಡುಗಿಯ ಜೊತೆ ಮುಂಚೆಯೇ ಹೊರಟುಹೋದಳು. ‘ಬರ್ತೀನಿ’ ಎಂದಳೇ ಹೊರತು ಪುಟ್ಟಿಯನ್ನು ಏನೂ ಕೇಳಲಿಲ್ಲ. ಆಫೀಸಿನಲ್ಲಿ ಪುಟ್ಟಿಯ ಪರದೆಯ ಮೇಲೆ ಬರೆಯುತ್ತಿರುವವರ ಹೆಸರುಗಳು ಒಂದರ ಕೆಳಗೊಂದು ಮೂಡಿದವು. ಅಕ್ಕನ ಹೆಸರು ಇರಲಿಲ್ಲ. ಪುಟ್ಟಿ ಎದ್ದಳು, ಕಿಟಕಿಯ ಹತ್ತಿರ ಹೋದಳು, ಮತ್ತೆ ಬಂದಳು. ಇಲ್ಲ. ಬೀಗದ ಚಿತ್ರ ತೆಗೆದಿದ್ದೆನಾ? ತೆಗೆದಿದ್ದೆ. ಗುಂಡಿಗಳಿಗೆಲ್ಲ ಹೆಸರು ಕೊಟ್ಟಿದ್ದೆನಾ? ಕೊಟ್ಟಿದ್ದೆ. ಗಣಕದ ಕೋಣೆ ಮೆಟ್ಟಿಲು ಇಳಿದರೆ ಅಲ್ಲೇ. ಹೋಗಿ ನೋಡಿಬಿಡಲೇ ಎಂದು ಬಾಗಿಲವರೆಗೆ ಹೋದಳು. ಹೋದರೆ ಅಕ್ಕ ಏನನ್ನುತ್ತಾಳೆ ಎಂದು ಗೊತ್ತಿತ್ತು, ಹಿಂದಕ್ಕೆ ಬಂದಳು.

ಅಷ್ಟರಲ್ಲಿ ಹೆಸರು ಮೂಡಿತು. ಪಕ್ಕದಲ್ಲಿ ‘ಬರೆಯುತ್ತಿದ್ದಾರೆ’ ಎಂದಿತ್ತು.

ಅಕ್ಕ ಯಾವ ಪ್ರಶ್ನೆಯಲ್ಲಿದ್ದಾಳೆ, ಏನು ಬರೆಯುತ್ತಿದ್ದಾಳೆ, ಒಂದೂ ಪುಟ್ಟಿಗೆ ಕಾಣುವಂತಿರಲಿಲ್ಲ. ಪರೀಕ್ಷೆಯ ಹೊತ್ತು ಕಳೆಯುತ್ತಿತ್ತು. ಉಗುರು ಕಚ್ಚಿದಳು. ಯಾರೋ ಬಂದು ಏನೋ ಕೇಳಿದರು, ಏನೋ ಹೇಳಿ ಕಳಿಸಿದಳು. ಬೇರೆಯವರ ಸಾಲುಗಳು ಒಂದೊಂದಾಗಿ ‘ಸಲ್ಲಿಕೆಯಾಗಿದೆ’ ಎಂದು ಬದಲಾದವು. ಅಕ್ಕನದು ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಅದೂ ಬದಲಾಯಿತು.

ಅಂಕ ನೋಡುವ ಅಧಿಕಾರ ಪುಟ್ಟಿಗಿತ್ತು. ಬೆರಳು ಮೌಸಿನ ಮೇಲೆ ಒಂದು ಕ್ಷಣ ನಿಂತಿತು. ಆ ಪುಟವನ್ನು ಮುಚ್ಚಿಬಿಟ್ಟಳು.

ಫೋನು ಹೊಡೆದುಕೊಂಡಿತು. ಅಕ್ಕ. ಹಿಂದೆ ಮೆಟ್ಟಿಲ ಮೇಲಿನ ಗಲಾಟೆ ಕೇಳುತ್ತಿತ್ತು.

‘ಕೊನೇ ಪ್ರಶ್ನೆ ತಪ್ಪು ಕಣೇ.’

‘ಹೋಗಲಿ ಬಿಡು ಅಕ್ಕ, ಒಂದು ತಾನೆ...’

‘ನನ್ನ ಉತ್ತರ ಅಲ್ಲ, ಪ್ರಶ್ನೇನೇ ತಪ್ಪು. ಮೇಷ್ಟ್ರು ಬೇಡಿಕೆ ಅನ್ನೋ ಕಡೆ ಪೂರೈಕೆ ಅಂತ ಹಾಕಿದಾರೆ. ಹೋಗಿ ಹೇಳಿ ಬರ್ತೀನಿ.’

‘ಊಟ ಮಾಡ್ಕೊಂಡು ಹೋಗೇ.’

‘ಆಮೇಲೆ ಅವರು ಸಿಗಲ್ಲ’ ಎಂದು ಅಕ್ಕ ಫೋನಿಟ್ಟಳು. ಸ್ವಲ್ಪ ಹೊತ್ತಿಗೆ ಮೇಲಿನ ಮಹಡಿಯ ಕಡೆಯಿಂದ ಗ್ರಾಫ್ ಮೇಷ್ಟ್ರ ದನಿಯೂ ಅಕ್ಕನ ದನಿಯೂ ಒಂದರ ಮೇಲೊಂದು ಏರುತ್ತ ಕೇಳಿಬಂದವು. ಪುಟ್ಟಿ ಕಿವಿಗೊಟ್ಟು ನಿಂತಿದ್ದು, ಆಮೇಲೆ ಕುರ್ಚಿ ಎಳೆದುಕೊಂಡು, ಇನ್ನೂ ಸರಿಪಡಿಸದೆ ಉಳಿದಿದ್ದ ಹಳೆಯ ಪಾಠಗಳ ಕಡತ ತೆರೆದಳು.